ಖಾಲಿ ಕಣಿವೆಗಳ ನಡುವೆ ಒಂದು ಕಾರು ಪ್ರಯಾಣ

(ಓದುಗರ ಬಳಗದ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸ್ಕಾಟ್‌ಲೆಂಡ್ ಅಂದ ಕೂಡಲೇ ಕಣ್ಣಿಗೆ ಬರುವ ಚಿತ್ರ ಒಂದಿದೆ. ಮಂಜು ಮುಸುಕಿದ ಬೆಟ್ಟ, ಅದರ ಕಾಲಡಿ ಉದ್ದನೆಯ ಸರೋವರ, ದಡದಲ್ಲಿ ಒಂದು ಪಾಳುಕೋಟೆ, ಅಲ್ಲಲ್ಲಿ ಕುರಿ. ಮನುಷ್ಯರ ಸುಳಿವಿಲ್ಲ. ನಾವು ಕಂಡದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ಆ ‘ಮನುಷ್ಯರ ಸುಳಿವಿಲ್ಲ’ ಅನ್ನುವುದಿದೆಯಲ್ಲ, ಅದರ ಹಿಂದೆ ಒಂದು ದೊಡ್ಡ ಕಥೆ ಇದೆ. ಇನ್ನೂರೈವತ್ತು ವರ್ಷದ ಹಿಂದೆ ಆ ಕಣಿವೆಗಳಲ್ಲಿ ಊರುಗಳಿದ್ದವು. ಹೊಲ, ದನ, ಮಕ್ಕಳು, ಹಾಡು ಎಲ್ಲಾ ಇತ್ತು. ಅವರನ್ನು ಒಕ್ಕಲೆಬ್ಬಿಸಿದರು. ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಆ ಊರುಗಳ ಬಗ್ಗೆ. ಕೋಟೆ ಅರಮನೆಗಳ ವಿಷಯ ದಾರಿಯಲ್ಲಿ ಎಷ್ಟು ಬರುತ್ತದೋ ಅಷ್ಟು ಸಾಕು.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ನಮ್ಮವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ ಕಟ್ಟಿಸಿ ನಿವೃತ್ತರಾದವರು. ಜೂನ್ ತಿಂಗಳಲ್ಲಿ ಎಡಿನ್‌ಬರೊದಲ್ಲಿ ಒಂದು ಸಣ್ಣ ಕಾರನ್ನು ಬಾಡಿಗೆಗೆ ತೆಗೆದುಕೊಂಡು ಉತ್ತರಕ್ಕೆ ಹೊರಟೆವು. ಅವರು ಸ್ಟಿಯರಿಂಗ್ ಹಿಡಿದರು, ನಾನು ನಕ್ಷೆ ಹಿಡಿದೆ. ನಾನು ಗೋರಿ, ಶಾಸನ ಕಂಡಲ್ಲಿ ನಿಲ್ಲಿಸಿ ಅಂದರೆ, ಅವರು ಮೋರಿ, ಸೇತುವೆ ಕಂಡಲ್ಲಿ ತಾವೇ ನಿಲ್ಲಿಸುತ್ತಿದ್ದರು. ಇಬ್ಬರ ಆಸಕ್ತಿ ಬೇರೆ ಆದದ್ದು ಒಳ್ಳೆಯದೇ ಆಯಿತು. ಆ ದೇಶದಲ್ಲಿ ರಸ್ತೆಯ ಕಥೆ ಗೊತ್ತಿಲ್ಲದೆ ಊರಿನ ಕಥೆ ಅರ್ಥವಾಗುವುದಿಲ್ಲ.

ಮೊದಲು ಸಿಕ್ಕಿದ್ದು ಲಿನ್‌ಲಿತ್‌ಗೋ ಅರಮನೆ. 1542ರ ಡಿಸೆಂಬರ್ 8ರಂದು ಮೇರಿ ರಾಣಿ ಹುಟ್ಟಿದ್ದು ಇಲ್ಲಿ. ಮಗು ಹುಟ್ಟಿ ಆರು ದಿನಕ್ಕೆ ತಂದೆ ಐದನೆಯ ಜೇಮ್ಸ್ ತೀರಿಕೊಂಡ. ತೊಟ್ಟಿಲಲ್ಲಿದ್ದ ಕೂಸು ರಾಣಿಯಾಯಿತು. 1746ರಲ್ಲಿ ಅರಮನೆಗೆ ಬೆಂಕಿ ಬಿತ್ತು. ಅವತ್ತಿನಿಂದ ಅದಕ್ಕೆ ಮೇಲೆ ಮಾಡು ಇಲ್ಲ. ನಾಲ್ಕು ಕಡೆ ಗೋಡೆ, ಮೇಲೆ ಆಕಾಶ, ನಡುವಿನ ಅಂಗಳದಲ್ಲಿ ಕೆತ್ತನೆ ತುಂಬಿದ ಕಲ್ಲಿನ ಕಾರಂಜಿ.

ಸ್ಟರ್ಲಿಂಗ್ ಕೋಟೆ ಇದಕ್ಕೆ ಪೂರಾ ಬೇರೆ. ಅಲ್ಲಿ ನಾಲ್ಕನೆಯ ಜೇಮ್ಸ್ ಕಟ್ಟಿಸಿದ ದೊಡ್ಡ ಸಭಾಮಂದಿರವನ್ನು ರಿಪೇರಿ ಮಾಡಿ, ಹೊರಗೆಲ್ಲ ಹಳದಿ ಸುಣ್ಣ ಬಳಿದಿದ್ದಾರೆ. ಸುತ್ತ ಬೂದು ಕಲ್ಲಿನ ಕಟ್ಟಡ, ನಡುವೆ ಇದೊಂದು ಬೆಣ್ಣೆ ಬಣ್ಣದಲ್ಲಿ ಹೊಳೆಯುತ್ತದೆ. ಕೋಟೆಗಳು ಮೊದಲಿನಿಂದಲೂ ಬೂದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಸುಣ್ಣ ಉದುರಿ ಕಲ್ಲು ಕಾಣಿಸಿಕೊಂಡದ್ದು ಆಮೇಲೆ. ಕೋಟೆಯ ಮೇಲಿಂದ ನೋಡಿದರೆ 1297ರ ಸ್ಟರ್ಲಿಂಗ್ ಸೇತುವೆ ಯುದ್ಧದ ಜಾಗವೂ, 1314ರ ಬ್ಯಾನಕ್‌ಬರ್ನ್ ಯುದ್ಧ ನಡೆದ ಕಡೆಯೂ ಕಾಣುತ್ತವೆ. ಬೆಟ್ಟದ ಸೀಮೆಗೆ ಹೋಗುವ ಬಾಗಿಲು ಈ ಸ್ಟರ್ಲಿಂಗ್. ಅದಕ್ಕೇ ಇಷ್ಟು ಹೊಡೆದಾಟ.

ಅಲ್ಲಿಂದ ಕ್ರೀಫ್ ಕಡೆಗೆ ಹೋದೆವು. ನಾನು ಹಟ ಮಾಡಿ ಹಾಕಿಸಿದ ದಾರಿ ಅದು. ಕ್ರೀಫ್ ಮತ್ತು ಕಾಮ್ರಿ ಊರುಗಳ ನಡುವೆ ಮರ ಮುಚ್ಚಿದ ಗುಡ್ಡದ ಮೇಲೆ ಒಂದು ಎತ್ತರದ ಕಲ್ಲುಗಂಬ ಇದೆ. ಸರ್ ಡೇವಿಡ್ ಬೇರ್ಡ್ ನೆನಪಿಗೆ ಅವನ ಹೆಂಡತಿ 1832ರಲ್ಲಿ ನಿಲ್ಲಿಸಿದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಇವನೇ. ಟಿಪ್ಪು ಸತ್ತ ದಿನ ಅದು. ಅದಕ್ಕೂ ಮೊದಲು ಇದೇ ಬೇರ್ಡ್ ಅದೇ ಶ್ರೀರಂಗಪಟ್ಟಣದ ಸೆರೆಯಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ಕಾಲ ಸಂಕೋಲೆಯಲ್ಲಿ ಇದ್ದ. ಸಂಕೋಲೆ ಯಾಕೆ ಬಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದರ ಇನ್ನೊಂದು ತುದಿ ಉತ್ತರದಲ್ಲಿ ಬೇರೊಂದು ಬೆಟ್ಟದ ಮೇಲಿದೆ.

ಈಗ ರಸ್ತೆಯ ವಿಷಯ. ಆಬರ್‌ಫೆಲ್ಡಿ ಅನ್ನುವ ಊರಲ್ಲಿ ಟೇ ನದಿಗೆ ಒಂದು ಸೇತುವೆ ಇದೆ. ಐದು ಕಮಾನು, ನಡುವೆ ಗೂನು, ನಾಲ್ಕು ಮೊನಚು ಕಂಬಗಳು. 1733ರಲ್ಲಿ ಕೆಲಸ ಶುರುವಾಗಿ 1735ರ ಹೊತ್ತಿಗೆ ಮುಗಿಯಿತು. ನಕ್ಷೆ ವಿಲಿಯಂ ಆಡಂ ಅವರದ್ದು, ಕಟ್ಟಿಸಿದ್ದು ಜನರಲ್ ವೇಡ್. ಇವತ್ತಿಗೂ ಅದರ ಮೇಲೆ ವಾಹನ ಓಡಾಡುತ್ತವೆ. ಅಗಲ ಸಾಲದು ಅಂತ ಎರಡೂ ತುದಿಗೆ ಸಿಗ್ನಲ್ ದೀಪ ಹಾಕಿದ್ದಾರೆ, ಅಷ್ಟೇ. ನಮ್ಮವರು ನದಿ ದಂಡೆಗೆ ಇಳಿದು ಕಮಾನಿನ ಕಲ್ಲನ್ನು ಕೈಯಿಂದ ತಡವಿ ನೋಡಿದರು. ‘ಇಲ್ಲಿ ನೋಡೇ, ಸುಮಾರು ಮುನ್ನೂರು ವರ್ಷದ ಕಲ್ಲು, ಸಂದು ಹೇಗೆ ಕೂತಿದೆ!’ ಎಂದರು. ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ವೇಡ್ ಈ ರಸ್ತೆಗಳನ್ನು ಮಾಡಿಸಿದ್ದು ಪ್ರಯಾಣಿಕರಿಗೆ ಅನುಕೂಲವಾಗಲಿ ಅಂತ ಅಲ್ಲವೇ ಅಲ್ಲ. ಬೆಟ್ಟದ ಸೀಮೆಯ ಜನ ಲಂಡನ್ನಿನ ದೊರೆಗೆ ತಿರುಗಿ ಬೀಳುತ್ತಿದ್ದರು. ಪದಚ್ಯುತ ಸ್ಟುವರ್ಟ್ ವಂಶದವರೇ ತಮ್ಮ ನಿಜವಾದ ಅರಸರು ಅನ್ನುವುದು ಅವರಲ್ಲಿ ಹಲವರ ನಂಬಿಕೆ. ಅವರನ್ನು ಜಾಕೋಬೈಟರು ಎನ್ನುತ್ತಾರೆ. ದಂಗೆ ಎದ್ದರೆ ಸೈನ್ಯ ಬೇಗ ಹೋಗಿ ಮುಟ್ಟಬೇಕು, ತೋಪು ಎಳೆದುಕೊಂಡು ಹೋಗಬೇಕು. ಅದಕ್ಕೆ ರಸ್ತೆ ಬೇಕು. 1725ರಿಂದ ಮುಂದೆ ಸುಮಾರು 250 ಮೈಲಿ ರಸ್ತೆ, 40ರಷ್ಟು ಸೇತುವೆ ಆದವು. ಕೂಲಿ ಆಳುಗಳು ಸೈನಿಕರೇ. ನೆಲ ಅಗೆದು ಅಡಿಗೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ ಹಾಸುತ್ತಿದ್ದರು. ಅಗಲ ಸಾಮಾನ್ಯವಾಗಿ 16 ಅಡಿ. ರಸ್ತೆಯ ವಿಷಯದಲ್ಲಿ ಸ್ಕಾಟ್‌ಲೆಂಡಿನ ಋಣ ನಮಗೂ ಇದೆ. 1756ರಲ್ಲಿ ಏರ್ ಪಟ್ಟಣದಲ್ಲಿ ಹುಟ್ಟಿದ ಜಾನ್ ಮೆಕ್ಯಾಡಂ ಕಂಡುಕೊಂಡ ಜಲ್ಲಿ ಹಾಸುವ ವಿಧಾನದಲ್ಲೇ ನಮ್ಮ ಹಳ್ಳಿ ರಸ್ತೆಗಳನ್ನು ಎಷ್ಟೋ ದಶಕ ಮಾಡಿದರು. ನಮ್ಮವರು ಎಸ್ಟಿಮೇಟಿನಲ್ಲಿ ಡಬ್ಲ್ಯೂಬಿಎಂ, ಅಂದರೆ ವಾಟರ್ ಬೌಂಡ್ ಮೆಕ್ಯಾಡಂ, ಅಂತ ಬರೆಯುತ್ತಿದ್ದುದು ಅದನ್ನೇ.

ಅದೇ ಸೇತುವೆಯ ಪಕ್ಕದಲ್ಲಿ ಬ್ಲ್ಯಾಕ್ ವಾಚ್ ಎಂಬ ರೆಜಿಮೆಂಟಿನ ಸ್ಮಾರಕ ಇದೆ. ಬೆಟ್ಟದ ಸೀಮೆಯ ಗಂಡಸರನ್ನೇ ಸೇರಿಸಿ ಕಟ್ಟಿದ ಪಡೆ ಅದು. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಗ್ಲೆನ್‌ಕೋ ಕಣಿವೆಗೆ ಎ-82 ರಸ್ತೆಯಲ್ಲಿ ಬಂದಾಗ ಮಳೆ ಆಗತಾನೇ ನಿಂತಿತ್ತು. ಎರಡೂ ಕಡೆ ಕಪ್ಪು ಬಂಡೆಯ ಬೆಟ್ಟ, ಅವುಗಳ ಮೈಮೇಲೆಲ್ಲ ನೀರು ಇಳಿಯುತ್ತಿತ್ತು. ಇಲ್ಲಿ ನಡೆದದ್ದನ್ನು ಹಲವರು ಕೇಳಿರುತ್ತೀರಿ. 1692ರ ಜನವರಿ 1ರ ಒಳಗೆ ಎಲ್ಲ ಕುಲದ ಯಜಮಾನರೂ ದೊರೆ ವಿಲಿಯಮ್‌ಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಗ್ಲೆನ್‌ಕೋದ ಮ್ಯಾಕ್‌ಡೊನಾಲ್ಡರ ಮುದಿ ಯಜಮಾನ ಕೊನೆಯ ದಿನ ಫೋರ್ಟ್ ವಿಲಿಯಮ್‌ಗೆ ಹೋದ. ಇಲ್ಲಿ ಆಗುವುದಿಲ್ಲ, ಇನ್ವರಾರಿಗೆ ಹೋಗು ಅಂದರು. ಹಿಮದಲ್ಲಿ ಅಲ್ಲಿಗೆ ಹೋಗಿ ಪ್ರಮಾಣ ಮಾಡುವ ಹೊತ್ತಿಗೆ ಜನವರಿ 6. ತಡವಾಯಿತು ಅನ್ನುವುದನ್ನೇ ನೆಪ ಮಾಡಿಕೊಂಡರು. ಫೆಬ್ರವರಿಯಲ್ಲಿ ಸೈನಿಕರು ಬಂದು ಅದೇ ಜನರ ಮನೆಗಳಲ್ಲಿ ಉಳಿದುಕೊಂಡರು. ಹೆಚ್ಚುಕಡಿಮೆ ಎರಡು ವಾರ ಅವರ ಒಲೆ ಮುಂದೆ ಕೂತು ಅವರ ಅನ್ನ ಉಂಡರು. 13ರ ನಸುಕಿನಲ್ಲಿ ಎದ್ದು ಉಂಡ ಮನೆಯವರನ್ನೇ ಕೊಂದರು. ಸತ್ತವರು 38 ಮಂದಿ ಎನ್ನುತ್ತಾರೆ. ತಪ್ಪಿಸಿಕೊಂಡು ಓಡಿದ ಹೆಂಗಸರು ಮಕ್ಕಳು ಹಿಮಕ್ಕೆ ಸಿಕ್ಕಿ ಸತ್ತದ್ದು ಬೇರೆ. ಉಂಡ ಮನೆಗೆ ಎರಡು ಬಗೆಯುವುದು ನಮ್ಮಲ್ಲೂ ಕ್ಷಮಿಸುವ ತಪ್ಪಲ್ಲ. ಅಲ್ಲಿನವರು ಅದನ್ನು ಇವತ್ತಿಗೂ ಮರೆತಿಲ್ಲ. ಪ್ರತಿ ಫೆಬ್ರವರಿ 13ಕ್ಕೆ ಶಿಲುಬೆಗಂಬದ ಹತ್ತಿರ ಸೇರಿ ಹೂವಿನ ಹಾರ ಇಡುತ್ತಾರೆ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಅಲ್ಲಿನ ಒಂದು ಮನೆ. ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್‌ಲೆಂಡ್ ಸಂಸ್ಥೆಯವರು ಉತ್ಖನನದಲ್ಲಿ ಸಿಕ್ಕ ಆಧಾರ ಇಟ್ಟುಕೊಂಡು ಆ ಕಾಲದ ಒಂದು ಮನೆಯನ್ನು ಮತ್ತೆ ಕಟ್ಟಿದ್ದಾರೆ. ಒಳಗೆ ಹಸಿ ಕಡ್ಡಿಗಳನ್ನು ಹೆಣೆದು ಮಾಡಿದ ತಟ್ಟಿಗೋಡೆ. ಅದಕ್ಕೆ ಹೊರಗಿನಿಂದ, ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಮೇಲೆ ಹೀದರ್ ಗಿಡದ ಹೊದಿಕೆ. ಕಿಟಕಿ ಇಲ್ಲ, ಚಿಮಣಿ ಇಲ್ಲ. ನೆಲದ ನಡುವೆ ಬೆಂಕಿ, ಹೊಗೆ ಮಾಡಿನ ಸಂದಿಯಿಂದಲೇ ಹೋಗಬೇಕು. ಒಳಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಅದು ಎಷ್ಟು ಬೆಚ್ಚಗಿದೆ ಅನ್ನುವುದು ಗೊತ್ತಾಗುತ್ತದೆ. ಗೋಡೆಗೆ ಕೈ ಇಟ್ಟೆ. ಒಣಗಿದ ಬೇರುಗಳು ಬೆರಳಿಗೆ ತಾಗಿದವು.

ಈಗ ಯೋಚನೆ ಮಾಡಿ. ಇಂಥ ಮನೆಯ ಮಾಡು ಕಿತ್ತು ಬಿಟ್ಟರೆ ಏನಾಗುತ್ತದೆ? ನಾಲ್ಕಾರು ಮಳೆಗಾಲದಲ್ಲಿ ಗೋಡೆ ಕರಗಿ ಮತ್ತೆ ನೆಲವಾಗುತ್ತದೆ. ರಾಜರ ಕಲ್ಲಿನ ಕೋಟೆ ಪಾಳುಬಿದ್ದರೂ ನಿಲ್ಲುತ್ತದೆ, ಟಿಕೆಟ್ ಕೊಟ್ಟು ನೋಡುತ್ತೇವೆ. ಒಕ್ಕಲಿನವನ ಮನೆ ಹುಲ್ಲಿನ ಜೊತೆ ಹುಲ್ಲಾಗುತ್ತದೆ. ಆ ಕಣಿವೆಗಳಲ್ಲಿ ಯಾರೂ ಇರಲೇ ಇಲ್ಲವೇನೋ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಗ್ಲೆನ್‌ಫಿನ್ನನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 21 ಕಮಾನಿನ ರೈಲು ಸೇತುವೆ ನೋಡಲು ಜನವೋ ಜನ. ಅದು ಕಬ್ಬಿಣದ ಸರಳು ಹಾಕದೆ ಬರೀ ಕಾಂಕ್ರೀಟಿನಲ್ಲಿ ಕಟ್ಟಿದ್ದು ಅನ್ನುವುದು ನಮ್ಮವರಿಗೆ ಖುಷಿ ಕೊಟ್ಟ ಸಂಗತಿ. ಆದರೆ ಆ ಜಾಗಕ್ಕೆ ಹೆಸರು ಬಂದದ್ದು 1745ರ ಆಗಸ್ಟ್ 19ರಿಂದ. ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಅವತ್ತು ಅಲ್ಲಿ ಜಾಕೋಬೈಟರ ದಂಗೆಗೆ ತನ್ನ ಬಾವುಟ ಏರಿಸಿದ. ಮುಂದೆ ದಾರಿಯಲ್ಲಿ ಸಿಕ್ಕ ಐಲಿಯನ್ ಡೊನನ್ ಕೋಟೆಯ ಫೋಟೋ ನೀವೆಲ್ಲ ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ. ಅದನ್ನು 1719ರಲ್ಲಿ ನೌಕಾಪಡೆಯವರು ಮದ್ದಿಟ್ಟು ಉಡಾಯಿಸಿದ್ದರು. ಈಗ ಕಾಣುವುದು ಬಹುಪಾಲು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಮುಗಿದದ್ದು 1932ರಲ್ಲಿ.

ಬಾವುಟ ಏರಿಸಿದ ಕಥೆ ಮುಗಿದದ್ದು ಕಲ್ಲೋಡನ್ ಬಯಲಿನಲ್ಲಿ. ಇನ್ವರ್ನೆಸ್ ಪಕ್ಕದಲ್ಲೇ ಇದೆ. 1746ರ ಏಪ್ರಿಲ್ 16. ಹಿಂದಿನ ರಾತ್ರಿ ಶತ್ರು ಪಾಳೆಯದ ಮೇಲೆ ಬೀಳಬೇಕು ಅಂತ ನಡೆದು, ಆಗದೆ ವಾಪಸ್ ಬಂದ ಚಾರ್ಲ್ಸ್‌ನ ಸೈನ್ಯ. ನಿದ್ದೆ ಇಲ್ಲ, ಊಟ ಇಲ್ಲ. ಮುಖಕ್ಕೆ ರಾಚುವ ಆಲಿಕಲ್ಲು ಮಳೆ. ಕಾಲಿಗೆ ಜವುಗು ನೆಲ. ಒಂದು ಗಂಟೆಯೂ ಹಿಡಿಯಲಿಲ್ಲ. ಸುಮಾರು 1500 ಜಾಕೋಬೈಟರು ಸತ್ತರು. ಬಯಲಿನಲ್ಲಿ ಎರಡೂ ಪಡೆಗಳ ಸಾಲನ್ನು ಕೆಂಪು, ನೀಲಿ ಬಾವುಟ ನೆಟ್ಟು ತೋರಿಸಿದ್ದಾರೆ. ಆ ಸಾಲಿನಿಂದ ಈ ಸಾಲಿಗೆ ನಾವಿಬ್ಬರೂ ನಡೆದೆವು. ಕುಲದ ಹೆಸರು ಕೆತ್ತಿದ ಕಲ್ಲುಗಳು 1881ರಲ್ಲಿ ಇಟ್ಟವು. ಕೆಲವು ಕಲ್ಲಿನ ಬುಡದಲ್ಲಿ ಹೂವು ಇತ್ತು.

ಸೋತ ಮೇಲೆ ಬಂದ ಕಾನೂನುಗಳು ಯುದ್ಧಕ್ಕಿಂತ ದೊಡ್ಡ ಹೊಡೆತ ಕೊಟ್ಟವು. ಬೆಟ್ಟದ ಜನ ತಮ್ಮ ಉಡುಪು ತೊಡುವಂತಿಲ್ಲ ಅಂತಾಯಿತು. ಆ ನಿಷೇಧ ತೆಗೆದದ್ದು 1782ರಲ್ಲಿ. ಕುಲದ ಯಜಮಾನರಿಗೆ ನ್ಯಾಯ ಹೇಳುವ ಹಕ್ಕು ಹೋಯಿತು. ಇದರ ಪರಿಣಾಮ ನಿಧಾನವಾಗಿ ಬಂತು. ಮೊದಲು ಯಜಮಾನನ ದೊಡ್ಡಸ್ತಿಕೆ ಅವನ ಬೆನ್ನಿಗೆ ಎಷ್ಟು ಕತ್ತಿ ನಿಲ್ಲುತ್ತವೆ ಅನ್ನುವುದರಲ್ಲಿ ಇತ್ತು. ಜನ ಜಾಸ್ತಿ ಇದ್ದಷ್ಟೂ ಅವನಿಗೆ ಬಲ. ಕತ್ತಿಗೆ ಬೆಲೆ ಹೋದ ಮೇಲೆ ಅವನು ಬರೀ ಜಮೀನುದಾರ. ಅವನಿಗೆ ಬೇಕಾದದ್ದು ಗೇಣಿ. ದಕ್ಷಿಣದಿಂದ ದೊಡ್ಡ ಜಾತಿಯ ಕುರಿಗಳು ಬಂದವು. ಉಣ್ಣೆಗೆ ಒಳ್ಳೆಯ ಬೆಲೆ ಇತ್ತು. ನೂರು ಕುಟುಂಬಗಳು ಸೇರಿ ಕೊಡುವುದಕ್ಕಿಂತ ಒಬ್ಬ ಕುರಿ ಸಾಕಣೆಯವನು ಜಾಸ್ತಿ ಕೊಡುತ್ತೇನೆ ಅಂದಾಗ, ಜನ ಹೊರೆಯಾದರು. ಮುಂದಿನ ನೂರು ವರ್ಷ ನಡೆದದ್ದು ಇದೇ.

ಗಂಡಸರು ಎಲ್ಲಿಗೆ ಹೋದರು? ಬಹಳ ಮಂದಿ ಸೈನ್ಯಕ್ಕೆ. ಅಲ್ಲಿಂದ ಅವರಲ್ಲಿ ಎಷ್ಟೋ ಮಂದಿ ನಮ್ಮ ಕಡೆಗೆ ಬಂದರು. ಲಾರ್ಡ್ ಮ್ಯಾಕ್‌ಲಿಯಡ್ ಎಂಬವನ ಉದಾಹರಣೆ ನೋಡಿ. 1745ರ ದಂಗೆಯಲ್ಲಿ ಅಪ್ಪನ ಜೊತೆ ಜಾಕೋಬೈಟರ ಕಡೆ ನಿಂತು ಸಿಕ್ಕಿಬಿದ್ದ. ಆಸ್ತಿ ಪೂರಾ ಹೋಯಿತು. 1777ರಲ್ಲಿ ಅದೇ ಬ್ರಿಟಿಷ್ ದೊರೆಗೆ ಬೆಟ್ಟದ ಜನರ ಒಂದು ರೆಜಿಮೆಂಟ್ ಕಟ್ಟಿಕೊಟ್ಟ. ಅದು 73ನೆಯ ರೆಜಿಮೆಂಟ್. ಅದನ್ನು ಮದರಾಸಿಗೆ ಕಳಿಸಿದರು. 1784ರಲ್ಲಿ ಅವನ ಆಸ್ತಿ ಅವನಿಗೆ ವಾಪಸ್ ಸಿಕ್ಕಿತು. ಕಲ್ಲೋಡನ್ನಿನ ಸೋಲು ಕಾವೇರಿ ದಡದವರೆಗೆ ಬಂದ ದಾರಿ ಇದು.

ಆ ರೆಜಿಮೆಂಟಿನ ಎರಡು ತುಕಡಿಗಳು 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಜೊತೆ ಇದ್ದವು. ಕ್ಯಾಪ್ಟನ್ ಬೇರ್ಡ್ ಅವುಗಳ ಜೊತೆ ಇದ್ದ. ಹೈದರ್ ಮತ್ತು ಟಿಪ್ಪು ಅವರನ್ನು ಸುತ್ತುವರಿದು ಮುರಿದರು. ಸಿಕ್ಕಿದವರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ದರಿಯಾ ದೌಲತ್ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿರುವ ಒಬ್ಬ ದೊರೆ ಇದ್ದಾನಲ್ಲ, ಅವನೇ ಬೇಲಿ. ಇನ್ವರ್ನೆಸ್ ಹತ್ತಿರದ ಡುನೇನ್ ಅವನ ಮನೆತನದ ಊರು. 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ಗುಂಬಜ್ ಹತ್ತಿರ ಅವನ ಸ್ಮಾರಕ ಇದೆ. ಅವನ ಸಂಬಂಧಿಕನೊಬ್ಬ 1816ರಲ್ಲಿ ಕಟ್ಟಿಸಿದ್ದು.

ಅವತ್ತು ಬೇಲಿಯ ನೆರವಿಗೆ ಬರಬೇಕಿದ್ದ ದೊಡ್ಡ ಸೈನ್ಯ ಕಾಂಚೀಪುರದ ಹತ್ತಿರವೇ ಇತ್ತು. ದಂಡನಾಯಕ ಸರ್ ಹೆಕ್ಟರ್ ಮನ್ರೋ. ಅವನು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬೇಲಿ ಸೋತ ಸುದ್ದಿ ಕೇಳಿ, ಭಾರದ ತೋಪುಗಳನ್ನು ಕಾಂಚಿಯ ಕಲ್ಯಾಣಿಗೆ ತಳ್ಳಿ ಮದರಾಸಿನ ಕಡೆಗೆ ಹಿಂದೆ ಸರಿದ. ಮರುವರ್ಷ ಡಚ್ಚರ ಕೈಯಿಂದ ನಾಗಪಟ್ಟಣ ಗೆದ್ದ. ಸಂಪಾದಿಸಿದ ದುಡ್ಡು ಕಟ್ಟಿಕೊಂಡು ತನ್ನ ಊರಿಗೆ ಹೋದ.

ಆ ಊರು ಇನ್ವರ್ನೆಸ್‌ನಿಂದ ಉತ್ತರಕ್ಕೆ, ಆಲ್ನೆಸ್ ಪಟ್ಟಣದ ಹತ್ತಿರ. ಪಕ್ಕದಲ್ಲಿ ಫೈರಿಷ್ ಅನ್ನುವ ಬೆಟ್ಟ ಇದೆ. 453 ಮೀಟರ್ ಎತ್ತರ. ಪೈನ್ ಕಾಡಿನ ನಡುವೆ ಕಾಲುದಾರಿ, ಆಮೇಲೆ ಬೋಳು ಬೆಟ್ಟ. ನಿಧಾನವಾಗಿ ಹತ್ತಿದೆವು. ನೆತ್ತಿಯ ಮೇಲೆ ಏನಿದೆ ಗೊತ್ತಾ? ಸಾಲಾಗಿ ಕಲ್ಲಿನ ಕಂಬಗಳು, ನಡುವೆ ಕಮಾನುಗಳು. ನಾಗಪಟ್ಟಣದ ಹೆಬ್ಬಾಗಿಲು! ಹೆಕ್ಟರ್ ಮನ್ರೋ ತನ್ನ ಗೆಲುವಿನ ನೆನಪಿಗೆ 1780ರ ದಶಕದಲ್ಲಿ ಕಟ್ಟಿಸಿದ್ದು. ಕೆಲಸವಿಲ್ಲದ ಜನರಿಗೆ ಕೂಲಿ ಸಿಗಲಿ ಅಂತ ಕಟ್ಟಿಸಿದ, ಕೆಲಸ ಬೇಗ ಮುಗಿಯಬಾರದು ಅಂತ ಮೇಲಿನ ಕಲ್ಲುಗಳನ್ನು ಮತ್ತೆ ಕೆಳಗೆ ಉರುಳಿಸಿದ ಅಂತ ಆ ಕಡೆಯವರು ಕಥೆ ಹೇಳುತ್ತಾರೆ. ನಮ್ಮವರು ಕಮಾನಿನ ಅಡಿಯಲ್ಲಿ ನಿಂತು, ಕೆಳಗೆ ಕ್ರಾಮರ್ಟಿ ಕೊಲ್ಲಿಯಲ್ಲಿ ನಿಂತಿದ್ದ ತೈಲ ಬಾವಿಯ ಅಟ್ಟಣಿಗೆಗಳನ್ನು ನೋಡುತ್ತಿದ್ದರು. ನನಗೆ ದರಿಯಾ ದೌಲತ್ ಗೋಡೆ ಕಣ್ಣ ಮುಂದೆ ಬಂತು. ಒಂದೇ ಯುದ್ಧಕಾಲದ ಎರಡು ನೆನಪು. ಒಂದು ಕಾವೇರಿ ದಡದಲ್ಲಿ ಬಣ್ಣದಲ್ಲಿದೆ, ಒಂದು ಇಷ್ಟು ದೂರದ ಗಾಳಿ ಬೀಸುವ ಬೆಟ್ಟದಲ್ಲಿ ಕಲ್ಲಿನಲ್ಲಿದೆ.

ಕಥೆ ಇನ್ನೂ ಮುಂದಿದೆ. ಇದೇ ಮನ್ರೋ ತನ್ನ ಜಮೀನನ್ನು ಕುರಿ ಸಾಕುವವರಿಗೆ ಗೇಣಿಗೆ ಕೊಟ್ಟ. ಕಿಲ್ಡರ್‌ಮೋರಿ ಎಂಬಲ್ಲಿ ಊರಿನ ದನಗಳಿಗೂ ಹೊಸ ಕುರಿ ಗೇಣಿದಾರರಿಗೂ ಜಗಳ ಹತ್ತಿತು. 1792ರ ಬೇಸಿಗೆಯಲ್ಲಿ ಸುತ್ತಲಿನ ರೈತರು ಒಂದಾಗಿ, ಸೀಮೆಯ ಕುರಿಗಳನ್ನೆಲ್ಲ ಒಟ್ಟುಗೂಡಿಸಿ ದಕ್ಷಿಣಕ್ಕೆ ಅಟ್ಟಿಕೊಂಡು ಹೊರಟರು. ಯಾರ ಮೇಲೂ ಕೈ ಮಾಡಲಿಲ್ಲ, ಬರೀ ಕುರಿ ಓಡಿಸಿದರು. ಆ ವರ್ಷಕ್ಕೆ ‘ಕುರಿಗಳ ವರ್ಷ’ ಅಂತಲೇ ಹೆಸರು. ಅವರನ್ನು ತಡೆಯಲು ಬಂದದ್ದು ಬ್ಲ್ಯಾಕ್ ವಾಚ್ ರೆಜಿಮೆಂಟಿನ ಸೈನಿಕರು. ಬೆಟ್ಟದ ರೈತರನ್ನು ಹಿಡಿಯಲು ಬೆಟ್ಟದವರದೇ ಪಡೆ. ಮುಂದಾಳುಗಳನ್ನು ಇನ್ವರ್ನೆಸ್‌ನಲ್ಲಿ ವಿಚಾರಣೆಗೆ ನಿಲ್ಲಿಸಿದರು. ಕುರಿಗಳು ವಾಪಸ್ ಬಂದವು.

ಅದೇ 1792ರ ಡಿಸೆಂಬರಿನಲ್ಲಿ ಮನ್ರೋನ ಮಗನೊಬ್ಬನನ್ನು ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಹೊತ್ತೊಯ್ದು ಕೊಂದಿತು. ಟಿಪ್ಪುವಿನ ಪ್ರಸಿದ್ಧ ಮರದ ಹುಲಿ, ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆಯಲ್ಲ, ಅದಕ್ಕೆ ಈ ಸಾವೇ ಪ್ರೇರಣೆ ಎಂದು ಹಲವರು ಹೇಳುತ್ತಾರೆ.

ಫೈರಿಷ್‌ನಿಂದ ಮುಂದೆ ನಾವು ಹೋದದ್ದು ಕ್ರೋಯಿಕ್ ಎಂಬ ಸಣ್ಣ ಚರ್ಚಿಗೆ. ಆರ್ಡ್‌ಗೇ ಎಂಬ ಹಳ್ಳಿಯಿಂದ ಹತ್ತು ಮೈಲಿ ಒಳಗೆ. ಒಂದೇ ಕಾರು ಹೋಗುವಷ್ಟು ರಸ್ತೆ. ಅಲ್ಲಲ್ಲಿ ಎದುರು ಬಂದವರಿಗೆ ದಾರಿ ಬಿಡಲು ಒಂದಿಷ್ಟು ಅಗಲ ಮಾಡಿರುತ್ತಾರೆ. ದಾರಿ ಬಿಟ್ಟವರಿಗೆ ಕೈ ಎತ್ತಿ ಥ್ಯಾಂಕ್ಸ್ ಹೇಳುವುದು ಅಲ್ಲಿನ ಪದ್ಧತಿ. ಕೊನೆಗೆ ಮರಗಳ ನಡುವೆ ಬಿಳೀ ಕಟ್ಟಡ, ಸುತ್ತ ಗೋರಿಗಳು. ಇದನ್ನು ಕಟ್ಟಿದ್ದು 1827ರಲ್ಲಿ, ಥಾಮಸ್ ಟೆಲ್‌ಫರ್ಡ್ ಅವರ ನಕ್ಷೆಯಂತೆ.

1845ರ ಮೇ ತಿಂಗಳಲ್ಲಿ ಪಕ್ಕದ ಗ್ಲೆನ್‌ಕಾಲ್ವಿ ಕಣಿವೆಯ ಹದಿನೆಂಟು ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಗೇಣಿ ಬಾಕಿ ಉಳಿಸಿಕೊಂಡವರಲ್ಲ ಅವರು. ಹೋಗಲು ಜಾಗ ಇರಲಿಲ್ಲ. ಈ ಚರ್ಚಿನ ಅಂಗಳಕ್ಕೆ ಬಂದು, ಗೋರಿಗಳ ನಡುವೆ ಕಂಬಳಿ, ಟಾರ್ಪಾಲು ಕಟ್ಟಿಕೊಂಡು ಕೂತರು. ಹಸುಗೂಸುಗಳಿದ್ದವು, ಕಾಯಿಲೆಯವರಿದ್ದರು. ಚರ್ಚಿನ ಒಳಗೆ ಹೋಗಲಿಲ್ಲ. ಕಿಟಕಿಯ ಗಾಜಿನ ಮೇಲೆ, ಹೊರಗಿನಿಂದ, ಮೊನಚಾದ ಏನನ್ನೋ ಹಿಡಿದು ಗೀಚಿದರು.

ಆ ಗೀಚು ಇನ್ನೂ ಇದೆ. ವಜ್ರಾಕಾರದ ಪುಟ್ಟ ಪುಟ್ಟ ಗಾಜುಗಳು. ದೂರದಿಂದ ಏನೂ ಕಾಣುವುದಿಲ್ಲ. ಮುಖ ಹತ್ತಿರ ತಂದು, ಬೆಳಕಿಗೆ ಓರೆಯಾಗಿ ನೋಡಿದರೆ ಅಕ್ಷರಗಳು ಮೇಲೆದ್ದು ಬರುತ್ತವೆ. ಚೆಂದದ ಕೂಡುಬರಹ. ಗ್ಲೆನ್‌ಕಾಲ್ವಿಯ ಜನ ಇಲ್ಲಿ ಚರ್ಚಿನ ಅಂಗಳದಲ್ಲಿ ಇದ್ದರು, 1845 ಮೇ 24, ಅಂತ ಒಂದು ಕಡೆ. ಇನ್ನೊಂದು ಕಡೆ: ಗ್ಲೆನ್‌ಕಾಲ್ವಿಯ ಜನ, ಪಾಪಿ ಪೀಳಿಗೆ.

ಮನೆ ಕಿತ್ತುಕೊಂಡವರನ್ನು ಬೈದಿಲ್ಲ, ನೋಡಿ. ತಮಗೆ ಬಂದ ಕಷ್ಟ ತಮ್ಮದೇ ಪಾಪದ ಫಲ ಅಂದುಕೊಂಡಿದ್ದಾರೆ. ಅವರ ಮನೆಮಾತು ಗೇಲಿಕ್. ಬರೆದದ್ದು ಮಾತ್ರ ಇಂಗ್ಲಿಷಿನಲ್ಲಿ. ಮುಂದೆ ಯಾರಾದರೂ ಬಂದು ಓದಲಿ ಅಂತಲೇ ಇರಬೇಕು. ನಾನು ಎಷ್ಟೋ ಶಾಸನ ಓದಿದ್ದೇನೆ. ಎಲ್ಲ ಗೆದ್ದವರದು, ದಾನ ಕೊಟ್ಟವರದು. ಊರು ಕಳೆದುಕೊಂಡವರು ತಾವೇ ಕೈಯಾರೆ ಬರೆದ ಶಾಸನ ನೋಡಿದ್ದು ಇದೇ ಮೊದಲು. ನನ್ನ ಕಣ್ಣು ತುಂಬಿ ಬಂತು. ‘ರೀ, ಸ್ವಲ್ಪ ಹೊತ್ತು ಇಲ್ಲೇ ಇರೋಣ’ ಅಂದೆ. ಅವರೂ ಸುಮ್ನೆ ತಲೆಯಾಡಿಸಿ ಮೆಟ್ಟಿಲ ಮೇಲೆ ಕೂತರು.

ಇನ್ನೂ ಉತ್ತರಕ್ಕೆ ಸ್ಟ್ರಾತ್‌ನೇವರ್ ಕಣಿವೆ. ಅಲ್ಲಿ 1814ರಲ್ಲಿ ಸದರ್ಲೆಂಡ್ ಜಮೀನುದಾರಿಣಿಯ ಕಡೆಯವನಾದ ಪ್ಯಾಟ್ರಿಕ್ ಸೆಲ್ಲರ್ ಜನರನ್ನು ಎಬ್ಬಿಸಿ ಮನೆಗಳಿಗೆ ಬೆಂಕಿ ಹಾಕಿಸಿದ. ಆ ವರ್ಷವನ್ನು ಗೇಲಿಕ್ ಜನ ‘ಸುಟ್ಟ ವರ್ಷ’ ಅನ್ನುತ್ತಾರೆ. ನೂರರ ಹತ್ತಿರದ ಮುದುಕಿ ಮಾರ್ಗರೆಟ್ ಮೆಕೇ ಎಂಬಾಕೆಯನ್ನು ಉರಿಯುವ ಮನೆಯಿಂದ ಹೊತ್ತು ತಂದರು. ಐದು ದಿನದಲ್ಲಿ ತೀರಿಕೊಂಡಳು. 1816ರಲ್ಲಿ ಸೆಲ್ಲರ್ ಮೇಲೆ ಮೊಕದ್ದಮೆ ನಡೆಯಿತು. ನಿರ್ದೋಷಿ ಅಂತ ಬಿಟ್ಟರು. ಆಮೇಲೆ ಅದೇ ಜಮೀನಿನಲ್ಲಿ ಅವನೇ ಕುರಿ ಸಾಕಿದ. 1819ರಲ್ಲಿ ಮತ್ತೆ ಬೆಂಕಿ. ರೋಸಲ್ ಊರಿನ ಕಲ್ಲುಕುಟಿಗ ಡೊನಾಲ್ಡ್ ಮ್ಯಾಕ್‌ಲಿಯಡ್ ರಾತ್ರಿ ಒಂದು ದಿಬ್ಬ ಹತ್ತಿ ನಿಂತು 250 ಮನೆಗಳು ಉರಿಯುವುದನ್ನು ಎಣಿಸಿದೆ ಎಂದು ಬರೆದಿದ್ದಾನೆ.

ಆ ರೋಸಲ್ ಊರಿನ ಜಾಗಕ್ಕೆ ನಡೆದು ಹೋಗಬಹುದು. ಸುತ್ತ ಅರಣ್ಯ ಇಲಾಖೆಯ ತೋಪು, ನಡುವೆ ತೆರೆದ ಹಸಿರು. ಇಂಥ ಕಡೆ ಊರು ಹುಡುಕುವುದು ಹೇಗೆ ಅಂತ ಹೇಳಿಕೊಡುತ್ತೇನೆ. ಕಂದು ಬಣ್ಣದ ಹೀದರ್ ನಡುವೆ ಒಂದು ತುಂಡು ಮಾತ್ರ ಕಣ್ಣು ಕೋರೈಸುವ ಹಸಿರಾಗಿದ್ದರೆ, ಅಲ್ಲಿ ತಲೆತಲಾಂತರ ಗೊಬ್ಬರ ಬಿದ್ದಿದೆ ಅಂತ ಅರ್ಥ. ಹಸಿರಿನಲ್ಲಿ ಉದ್ದುದ್ದ ಏರು ತಗ್ಗು ಕಂಡರೆ ಅದು ಬಿತ್ತನೆಯ ಮಡಿ. ಸಂಜೆಯ ಓರೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಅವಸರ ಇಲ್ಲ. ಮೊಣಕಾಲೆತ್ತರದ ಮೋಟುಗೋಡೆ ಸಿಕ್ಕರೆ ಅದರ ಪಕ್ಕ ರೋವನ್ ಮರ ಇದೆಯಾ ನೋಡಿ. ಕೆಟ್ಟ ದೃಷ್ಟಿ ತಾಗದಿರಲಿ ಅಂತ ಬಾಗಿಲ ಹತ್ತಿರ ನೆಡುತ್ತಿದ್ದ ಮರ ಅದು. ರೋಸಲ್‌ನಲ್ಲಿ ಒಂದು ಮನೆಯ ಬಾಗಿಲ ಕಲ್ಲು ಎಲ್ಲಿತ್ತು ಅಂತ ನಮ್ಮವರೇ ಗುರುತಿಸಿದರು. ನೀರು ಹರಿದುಹೋಗಲು ಮಾಡಿದ ಸಣ್ಣ ಚರಂಡಿಯನ್ನೂ ತೋರಿಸಿದರು. ಮನೆಯ ಒಂದು ಬದಿ ಇಳಿಜಾರು, ಕೊಟ್ಟಿಗೆ ಆ ಕಡೆ. ದನ, ಜನ ಒಂದೇ ಮಾಡಿನ ಕೆಳಗೆ ಇದ್ದರು.

ಇದಿಷ್ಟು ಹೇಳಿದ ಮೇಲೆ ಸಭೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಸೇರಿಸುತ್ತೇನೆ.

ನಮ್ಮ ಲೈಸೆನ್ಸಿನಲ್ಲಿ ಅಲ್ಲಿ ಕಾರು ಓಡಿಸಬಹುದೇ ಅಂತ ಒಬ್ಬರು ಕೇಳಿದರು. ಭಾರತದ ಲೈಸೆನ್ಸಿನಲ್ಲಿ ಪ್ರವಾಸಿಗರು ಹನ್ನೆರಡು ತಿಂಗಳವರೆಗೆ ಓಡಿಸಬಹುದು. ನಮ್ಮ ಹಾಗೇ ಎಡಗಡೆ ಸಂಚಾರ. ಬಾಡಿಗೆ ಕೊಡುವವರ ಷರತ್ತುಗಳನ್ನು ಮಾತ್ರ ಮೊದಲೇ ವಿಚಾರಿಸಿ. ಒಂಟಿ ರಸ್ತೆಯಲ್ಲಿ ಹಿಂದಿನವರಿಗೆ ಅವಸರ ಇದ್ದರೆ ಪಕ್ಕಕ್ಕೆ ಸರಿದು ಬಿಟ್ಟುಬಿಡಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ? ಸಿಗುತ್ತದೆ. ಬೇಳೆ ಸೂಪು, ಬೇಯಿಸಿದ ಆಲೂಗಡ್ಡೆ, ಓಟ್ಸ್ ಬಿಸ್ಕತ್ತು ಎಲ್ಲಾ ಕಡೆ ಇದೆ. ನಾನು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆ. ಬೇಸಿಗೆಯಲ್ಲಿ ಮಿಜ್ ಅನ್ನುವ ಗುಂಗುರು ಹುಳದ ಕಾಟ ಇರುತ್ತದೆ. ಗಾಳಿ ಇಲ್ಲದ ಸಂಜೆ ಮೈಗೆಲ್ಲ ಮುತ್ತುತ್ತವೆ. ಮೇ ತಿಂಗಳಲ್ಲಿ ಹೋದರೆ ಕಡಿಮೆ.

ಒಬ್ಬ ಹುಡುಗ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ‘ಮೇಡಂ, ಆ ಜಮೀನು ಈಗಲೂ ಅವರದೇನಾ?’ ಬಹಳ ಕಡೆ ಇನ್ನೂ ದೊಡ್ಡ ಜಮೀನುದಾರರ ಕೈಯಲ್ಲೇ ಇದೆ. ಆದರೆ ಏನೂ ಬದಲಾಗಿಲ್ಲ ಅಂತಲ್ಲ. ಹೋರಾಟ ಮಾಡಿ ಮಾಡಿ 1886ರಲ್ಲಿ ಸಣ್ಣ ಗೇಣಿದಾರರು ಕಾನೂನಿನ ರಕ್ಷಣೆ ಪಡೆದರು. ಇನ್ನು ಮೇಲೆ ಸುಮ್ನೆ ಎಬ್ಬಿಸುವಂತಿಲ್ಲ ಅಂತಾಯಿತು. 1993ರಲ್ಲಿ ಅಸಿಂಟ್ ಕಡೆಯ ಒಕ್ಕಲಿನವರು ಚಂದಾ ಎತ್ತಿ, ತಾವು ದುಡಿಯುತ್ತಿದ್ದ ಎಸ್ಟೇಟನ್ನೇ ಕೊಂಡುಕೊಂಡರು. 1997ರಲ್ಲಿ ಐಗ್ ದ್ವೀಪದ ಜನ ತಮ್ಮ ದ್ವೀಪವನ್ನೇ ಕೊಂಡರು. 2003ರ ಕಾನೂನಿನ ಪ್ರಕಾರ ಬೆಟ್ಟ, ಕಣಿವೆಗಳಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಜಮೀನು ಯಾರದೇ ಆಗಿರಲಿ. ಬೆಳೆ ತುಳಿಯಬಾರದು, ಮರಿ ಹಾಕಿದ ಕುರಿಗಳ ಹತ್ತಿರ ಹೋಗಬಾರದು, ತೆಗೆದ ಗೇಟನ್ನು ಹಾಕಿಕೊಂಡು ಹೋಗಬೇಕು. ಅಷ್ಟು ಪಾಲಿಸಿದರೆ ರೋಸಲ್‌ಗೂ ಹೋಗಬಹುದು, ಅಂಥ ಇನ್ನೂ ಎಷ್ಟೋ ಊರುಗಳಿಗೂ ಹೋಗಬಹುದು. ಯಾರನ್ನೂ ಕೇಳಬೇಕಾಗಿಲ್ಲ.